ಹದಿನೈದು ನಿಮಿಷ ಮುಂದಿದ್ದ ಗಡಿಯಾರ

ಮಕ್ಕಳೇ, ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಕಿಟಕಿಯಲ್ಲಿ ಬೆಂಕಿಪೊಟ್ಟಣದಷ್ಟು ಕರಿಯ ಡಬ್ಬಿಯೊಂದು ಆಕಾಶ ನೋಡುತ್ತ ಕೂತಿದೆ. ಇಲಿ ಪಾಷಾಣವೇನೋ ಎಂದುಕೊಂಡು ಎರಡು ದಿನ ನಾನು ಆ ಕಡೆ ಕಸ ಗುಡಿಸಲಿಲ್ಲ. ಆಮೇಲೆ ತಿಳಿಯಿತು, ಅದು ನಿಮ್ಮ ಅಕ್ಕ ಕಾವ್ಯ ತಂದಿಟ್ಟ ಜಿಪಿಎಸ್. ದಾರಿ ತೋರಿಸುವ ಸಾಮಾನಿಗೆ ಮನೆಯೊಳಗೇನು ಕೆಲಸ ಎಂದು ಕೇಳಿದೆ.

"ದಾರಿಗಲ್ಲಜ್ಜಿ, ಟೈಮಿಗೆ. ನನ್ನ ಕಂಪ್ಯೂಟರಿನ ಗಡಿಯಾರ ದಿನಾ ಒಂದೆರಡು ಸೆಕೆಂಡು ಜಾರತೈತೆ. ಉಪಗ್ರಹದಾಗಿನ ಗಡಿಯಾರ ಜಾರಂಗಿಲ್ಲ. ಅದನ್ನ ಕೇಳಿ ಇದು ತಿದ್ಕೊಂತೈತೆ."

"ಎರಡು ಸೆಕೆಂಡಿಗೆ ಏನು ಮುಳುಗಿ ಹೋಗತೈತೆ ತಾಯಿ?" ಎಂದೆ. ಆ ಮಾತು ಆಡುವ ಬಾಯಿ ನನ್ನದಲ್ಲ.

ನಾವು ಕುಕ್ಕುವಾಡದಲ್ಲಿದ್ದಾಗ ನಿಮ್ಮ ಅಜ್ಜ ದಿನವೂ ಹರಿಹರಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಬಸ್ಸು ತಪ್ಪಬಾರದೆಂದು ಪಡಸಾಲೆಯ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟಿದ್ದರು. ಅದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ಒಂದು ಮಧ್ಯಾಹ್ನ ಅದೇ ಪಡಸಾಲೆಯಲ್ಲಿ ಅವರ ಉಸಿರು ನಿಂತಿತು. ಯಾರೋ ಹೊತ್ತು ಕೇಳಿದರು. ಗೋಡೆ ನೋಡಿ, ಎರಡೂ ಹತ್ತು ಎಂದೆ.

"ಎರಡಕ್ಕೆ ಧನಿಷ್ಠಾ ಹುಟ್ಟೈತೆ. ಆರು ತಿಂಗಳು ಮನಿಗೆ ಬೀಗ ಹಾಕ್ರಿ," ಎಂದರು ಪಂಚಾಂಗ ನೋಡಿದ ಅಯ್ಯನವರು. ಆ ನಕ್ಷತ್ರದಲ್ಲಿ ಸಾವಾದರೆ ಮನೆ ಬಿಡುವುದು ನಮ್ಮಲ್ಲಿ ರೂಢಿ.

ಹದಿನೈದು ನಿಮಿಷ ಕಳೆಯಬೇಕಿತ್ತು, ಅವರು ಹೋದದ್ದು ಎರಡಕ್ಕೆ ಐದು ನಿಮಿಷ ಮೊದಲೇ ಎಂದು ನನಗೆ ಹೊಳೆದದ್ದು ಮೂರನೆಯ ದಿನ. ಅಷ್ಟರಲ್ಲಿ ಪಾತ್ರೆಪಗಡ ಗಾಡಿ ಏರಿದ್ದವು. ಅಂಗಳದ ತುಂಬ ಹಿರಿಯರು. ಅವರ ಮುಂದೆ ದನಿ ಎತ್ತಿ ನನಗೆ ಗೊತ್ತಿರಲಿಲ್ಲ. ಸೆರಗು ಹೊದ್ದು ಗಾಡಿ ಹತ್ತಿದೆ. ಆವರಗೆರೆಯ ಬಾಡಿಗೆ ಮನೆಯಲ್ಲಿ ನಾಲ್ಕನೆಯ ತಿಂಗಳು ನನ್ನ ಅತ್ತೆ ತೀರಿಕೊಂಡರು. "ನನ್ನ ಮನಿಗೆ ಕರಕಂಡು ಹೋಗವ್ವ," ಎಂದು ಕೊನೆಯವರೆಗೂ ನನ್ನನ್ನೇ ಕೇಳುತ್ತಿದ್ದರು.

ಇದನ್ನೆಲ್ಲ ಮೊನ್ನೆ ಮೊದಲ ಸಲ ಕಾವ್ಯಳಿಗೆ ಹೇಳಿದೆ. ಅವಳು ಡಬ್ಬಿಯ ವೈರು ಸುತ್ತಿಟ್ಟಳು.

"ಈ ಡಬ್ಬಿ ಹೇಳೋ ಟೈಮೂ ಚೂರು ತಡ ಆಗೇ ಬರತೈತೆ ಅಜ್ಜಿ. ಎಷ್ಟು ತಡ ಅಂತ ಗೊತ್ತಿದ್ರೆ ಕಳೆದು ಸರಿ ಮಾಡಬಹುದು."

"ನಂದು ಕಳೆಯೋ ಲೆಕ್ಕ ಅಲ್ಲ ಬಿಡು."

"ನೀ ಅವತ್ತು ಹೇಳಿದ್ರೆ ಅವರು ಕೇಳ್ತಿದ್ರೇನು?"

ಕೇಳುತ್ತಿರಲಿಲ್ಲವೇನೋ. ಆದರೆ ಆಗ ಕೇಳದೇ ಹೋದ ತಪ್ಪು ಅವರದಾಗುತ್ತಿತ್ತು; ಈಗ ಅದೂ ನನ್ನದೇ.

ನಿಮ್ಮ ಅಪ್ಪಂದಿರಿಗೆ ಅವರಜ್ಜಿ, ಅಂದರೆ ನನ್ನ ಅತ್ತೆ, ಎಂದರೆ ಪ್ರಾಣ. ಅವರಿಗೆ ಇದನ್ನು ನಾನೇ ಹೇಳಬೇಕು, ಬಾಯಿ ಬರುತ್ತಿಲ್ಲ. ಅದಕ್ಕೇ ಬರೆದಿದ್ದೇನೆ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ನಿಮ್ಮಲ್ಲಿ ಒಬ್ಬರು ಗಟ್ಟಿಯಾಗಿ ಓದಿ. ನಾನು ರೊಟ್ಟಿ ಬಡಿಯುವ ನೆಪದಲ್ಲಿ ಒಳಗೆ ಹೋಗುವುದಿಲ್ಲ, ಅಲ್ಲೇ ಕೂತಿರುತ್ತೇನೆ.