ಪ್ರತಿಫಲ: ಸೀರೆ ಒಂದು, ಖಣ ಒಂದು

ಕರಿ ಕೋಟು ಹಾಕುವ ಹಾಗಿಲ್ಲ, ಕೋರ್ಟಿನಲ್ಲಿ ವಾದ ಮಾಡುವ ಹಾಗಿಲ್ಲ, ವಕೀಲರೆಂದು ಬೋರ್ಡು ಬರೆಸುವ ಹಾಗೂ ಇಲ್ಲ. ಆದರೂ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ. ವಕೀಲಿ ಓದದೆ ಬೇರೆ ನೌಕರಿ, ವ್ಯವಹಾರದಲ್ಲಿ ಇರುವವರಿಗೆಂದೇ ಇಂಥದೊಂದು ಕೋರ್ಸು ಕೊಪ್ಪಳದಲ್ಲಿ ಭಾನುವಾರ ಭಾನುವಾರ ನಡೆಯುತ್ತದೆ ಎಂದು ಕೇಳಿ ನಾನು ಸೇರಿಕೊಂಡೆ. ಮುನಿರಾಬಾದಿನಲ್ಲಿ ನಾನು ನೀರಾವರಿ ಎಂಜಿನಿಯರ್. ಕಾಲುವೆಯಲ್ಲಿ ನೀರು ಬರಲಿ ಬಿಡಲಿ, ನಮ್ಮ ಮೇಜಿಗೆ ತಕರಾರು ಅರ್ಜಿಗಳು ತಪ್ಪದೆ ಹರಿದು ಬರುತ್ತವೆ. ಅವುಗಳ ಭಾಷೆಯಾದರೂ ಅರ್ಥವಾಗಲಿ ಎಂಬುದು ನನ್ನ ಆಸೆಯಾಗಿತ್ತು.

ತರಗತಿಯಲ್ಲಿ ಉಳಿದವರ ಆಸೆಗಳು ಇನ್ನೂ ಸರಳ. ಗಂಗಾವತಿಯ ರೈಸ್‌ಮಿಲ್ ಮಾಲೀಕರೊಬ್ಬರಿಗೆ ದಾಯಾದಿಯ ಜೊತೆ ಗೋಡೆಯ ವ್ಯಾಜ್ಯವಿತ್ತು. ಮೇಷ್ಟ್ರು ಸಂವಿಧಾನದ ಪೀಠಿಕೆ ವಿವರಿಸುತ್ತಿದ್ದರೆ ಇವರು ಕೈಯೆತ್ತಿ, “ಸರ, ಇದರಾಗ ಗ್ವಾಡಿ ಒತ್ತುವರಿ ಎಲ್ಲಿ ಬರ್ತೈತ್ರಿ?” ಎನ್ನುತ್ತಿದ್ದರು. ಕುಷ್ಟಗಿಯ ಹಲ್ಲಿನ ಡಾಕ್ಟರು ಗ್ರಾಹಕರ ಹಕ್ಕಿನ ಪಾಠ ಮುಗಿದ ಮರುವಾರದಿಂದಲೇ ಹಲ್ಲು ಕೀಳುವ ಮೊದಲು ಉದ್ದನೆಯ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳತೊಡಗಿದರು. ಅದನ್ನು ಓದುವಷ್ಟರಲ್ಲಿ ಅರ್ಧ ಮಂದಿಗೆ ಹಲ್ಲುನೋವೇ ಮರೆತುಹೋಗುತ್ತಿತ್ತಂತೆ.

ಮೇಷ್ಟ್ರು ಮಾತ್ರ ಎದೆಗುಂದದೆ ಪಾಠ ಮಾಡಿದರು. ಕರಾರಿನ ಕಾನೂನು ಶುರುವಾದ ದಿನ ಒಂದು ಮಾತನ್ನು ತಿರುತಿರುಗಿ ಹೇಳಿದರು. “ಯಾವ ಕರಾರು ಕೈಗೆ ಬಂದ್ರೂ ಮೊದಲು ಪ್ರತಿಫಲ ಹುಡುಕ್ರಿ. ಕೊಟ್ಟಾವ ಏನ್ ಕೊಟ್ಟ, ಅದಕ್ಕ ಬದಲಿ ಅವಗ ಏನ್ ಬಂತು. ಅದನ್ನ ಬಿಡಿಸಿ ಬರೀರಿ.” ನಾನು ಅಡಿಗೆರೆ ಹಾಕಿ ಬರೆದುಕೊಂಡೆ.

ನನ್ನ ಈ ಓದಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಣ್ಣ. ಗಂಗಾವತಿ ಹತ್ತಿರ ಅಜ್ಜನ ಕಾಲದಿಂದ ಬಂದ ಭತ್ತದ ಗದ್ದೆಯನ್ನು, ಅಪ್ಪ ತೀರಿಕೊಂಡ ಮೇಲೆ ಅವನೇ ನೋಡಿಕೊಳ್ಳುತ್ತಾನೆ. “ನಮ್ ತಂಗಿ ವಕೀಲಕಿ ಓದಾಕತ್ಯಾಳ” ಎಂದು ಊರೆಲ್ಲ ಡಂಗುರ ಹೊಡೆದ. ಅದು ವಕೀಲಿಯಲ್ಲ ಎಂದು ನಾನು ಹೇಳಿದರೆ, “ಎಲ್ಲಾ ಒಂದ ಬಿಡು” ಎನ್ನುತ್ತಿದ್ದ. ಮನೆಯಲ್ಲೇ ಎಮ್ಮೆ ಇರುವಾಗ ಹಾಲಿಗೆ ದುಡ್ಡು ಕೊಡುವುದೇಕೆ ಎಂಬ ಲೆಕ್ಕ ಅವನದು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಬರಬೇಕು. ಕರೆಯಲು ಯಾರೂ ಬಾರದ ಹೆಣ್ಣುಮಗಳಿಗೆ ಓಣಿಯಲ್ಲಿ ತಲೆಯೆತ್ತುವುದು ಕಷ್ಟ. ನಮ್ಮಿಬ್ಬರಿಗೂ ಹಿರಿಯಳಾದ ಅಕ್ಕ ಇರುವುದು ಕುಕನೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಗಂಡನಿಗೆ ಲಕ್ವ ಹೊಡೆದ ಮೇಲೆ ಜಂಪರ್ ಹೊಲಿದು ಸಂಸಾರ ತೂಗಿಸುತ್ತಾಳೆ. ಮನೆ ಖಾಲಿ ಮಾಡಿ ಎಂದು ಮಾಲೀಕ ಹಬ್ಬಕ್ಕೊಮ್ಮೆ ನೆನಪಿಸುತ್ತಾನೆ. ಅವಳು ವರ್ಷವಿಡೀ ಕಾಯುವುದು ಪಂಚಮಿಯ ಈ ಕರೆಗೆ.

ಹೋದ ವರ್ಷ ಅಣ್ಣ ನಮ್ಮಿಬ್ಬರನ್ನೂ ಕಾರು ಮಾಡಿಕೊಂಡು ಕರೆದುಕೊಂಡು ಹೋದ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಡಬ್ಬಿಗಟ್ಟಲೆ ಕಾಯುತ್ತಿದ್ದವು. ಅಷ್ಟೊಂದು ಪ್ರೀತಿ ಕಂಡು ನನಗೆ ಅನುಮಾನವೇ ಬಂತು. ಊಟವಾದ ಮೇಲೆ ವಿಷಯ ಹೊರಬಿತ್ತು.

“ಪಹಣಿ ನನ್ನೊಬ್ಬನ ಹೆಸರಿಗೆ ಆಗ್ಬೇಕು. ನಮ್ಮ ಹಕ್ಕು ಬಿಟ್ಟೀವಿ ಅಂತ ನೀವಿಬ್ರೂ ಒಂದ್ ಸಹಿ ಹಾಕ್ರಿ. ಪತ್ರ ಬರಿಯಾವ್ಗ ಸುಮ್ನ ರೊಕ್ಕ ಯಾಕ? ನೀನ ಬರದುಬಿಡು, ತಂಗಿ.”

ನನ್ನ ಪಾಲು ಬಿಡುವ ಪತ್ರವನ್ನು ನನ್ನ ಕೈಯಿಂದಲೇ ಪುಕ್ಕಟೆ ಬರೆಸುವ ಈ ಯೋಜನೆಗೆ ನಮ್ಮ ಮೇಷ್ಟ್ರಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

“ನಾನೂ ನಮ್ ಅಣ್ಣಗ ಹಿಂಗ ಬರಕೊಟ್ಟೀನಿ. ಸಹಿ ಹಾಕಿದ್ರ ತವರಿನ ಬಾಗ್ಲಾ ತೆರದಿರ್ತೈತಿ” ಎಂದಳು ಅವ್ವ.

“ಎಲ್ಲಿ ಹಾಕ್ಲಿ, ತಮ್ಮಾ?” ಎಂದು ಅಕ್ಕ ಆಗಲೇ ಕೈ ಚಾಚಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನನಗಾದರೆ ಸಂಬಳವಿದೆ, ಕ್ವಾರ್ಟರ್ಸ್ ಇದೆ. ಇವಳಿಗೆ ತಲೆಯ ಮೇಲೆ ಸ್ವಂತದ ಒಂದು ತಗಡೂ ಇಲ್ಲ.

“ಬರೀತೀನಿ. ಆದ್ರ ಕಾನೂನ್ ಪ್ರಕಾರ ಬರೀತೀನಿ” ಎಂದೆ.

“ಅದ ಬೇಕಿತ್ತು ನೋಡು!” ಎಂದ ಅಣ್ಣ.

ಅಣ್ಣನ ಹೆಂಡತಿ ಅರಿಷಿಣ ಕುಂಕುಮ ಹಚ್ಚಿ, ಸೀರೆ, ಜಂಪರಿನ ಖಣ ಇಟ್ಟು ನಮ್ಮಿಬ್ಬರಿಗೂ ಉಡಿ ತುಂಬಿದಳು. ನಾನು ಅಕ್ಕನ ಉಡಿಯಲ್ಲಿ ಏನೇನು ಬಿತ್ತೆಂದು ನೋಡಿಕೊಂಡು ಮೊದಲು ಅವಳ ಪತ್ರ ಬರೆದೆ. ಆಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ.

“ಹಿರಿಯರಿಂದ ಬಂದ ಗದ್ದೆಯಲ್ಲಿ ನನ್ನ ತಮ್ಮನಿಗೆ ಎಷ್ಟು ಪಾಲೋ ನನಗೂ ಅಷ್ಟೇ ಪಾಲು ಇರುತ್ತದೆ. ಸದರಿ ಪಾಲನ್ನು ಈ ಕೆಳಕಂಡ ಪ್ರತಿಫಲ ಪಡೆದು ಬಿಟ್ಟುಕೊಟ್ಟಿರುತ್ತೇನೆ. ಸೀರೆ ಒಂದು. ಖಣ ಒಂದು. ಒಣಕೊಬ್ಬರಿ ಒಂದು ಬಟ್ಟಲು. ಉತ್ತತ್ತಿ ಐದು. ಅಕ್ಕಿ ಒಂದು ಬೊಗಸೆ. ಸದರಿ ಅಕ್ಕಿಯು ಸದರಿ ಗದ್ದೆಯದೇ ಆಗಿರುತ್ತದೆ.”

ಅಣ್ಣನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಣ್ಣನ ಮುಖ ಕೆಂಪಾಯಿತು.

“ಇಂಥಾವೆಲ್ಲಾ ಯಾರರ ಬರೀತಾರೇನು? ಪ್ರೀತಿ ವಿಶ್ವಾಸದಿಂದ ಬಿಟ್ಟೀವಿ ಅಂತ ಬರಿ!”

“ಪ್ರೀತಿ ವಿಶ್ವಾಸ ನಿನಗೂ ಐತೆಲ್ಲ? ನಿನ್ನ ಪಾಲು ಅಕ್ಕಗ ಬಿಟ್ಟುಕೊಡು. ಅದನ್ನೂ ಪುಕ್ಕಟ ಬರಕೊಡ್ತೀನಿ.”

ಅಕ್ಕ ನಮ್ಮ ಜಗಳ ಕೇಳುತ್ತಿರಲಿಲ್ಲ. “ಅವಗ ಎಷ್ಟೋ ನನಗೂ ಅಷ್ಟ?” ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಹೌದೆಂದೆ. ಅವಳು ಉಡಿಯೊಳಗಿನ ಸೀರೆಯನ್ನು ತೆಗೆದು, ಮಡಿಕೆ ಕೆಡದಂತೆ ಅಣ್ಣನ ಮುಂದೆ ಇಟ್ಟಳು.

“ಸೀರಿ ಅದಾವು, ತಮ್ಮಾ. ಸೀರಿ ಇಡಾಕ ಮನಿ ಇಲ್ಲ.”

ಸಹಿ ಆಗಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಮರಳಿದೆವು. ಕಾನೂನು ಓದಿದವಳು ಮನೆ ಮುರಿದಳು ಎಂಬ ಸುದ್ದಿ ನಮಗಿಂತ ಮೊದಲೇ ನಮ್ಮ ನಮ್ಮ ಊರು ಮುಟ್ಟಿತ್ತು. ಮುಂದಿನ ಭಾನುವಾರ ರೈಸ್‌ಮಿಲ್ ಮಾಲೀಕರು ಕೈಮುಗಿದು, “ಮೇಡಮ್ಮಾರ, ನಮಗೂ ಇಬ್ರು ತಂಗ್ಯಾರ ಅದಾರ. ನಮ್ ಮನಿಕಡಿ ಬರಬ್ಯಾಡ್ರಿ” ಎಂದು ಬೆಂಚು ಬದಲಿಸಿದರು.

ಈ ವರ್ಷದ ಪಂಚಮಿಗೆ ಅಣ್ಣ ಯಾರನ್ನೂ ಕರೆಯಲು ಬರಲಿಲ್ಲ. ನನಗೆ ಬೇಸರವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಕ್ಕನಿಗಂತೂ ಭೂಮಿ ಇನ್ನೂ ಕೈಗೆ ಬಂದಿಲ್ಲ, ಇದ್ದ ಒಂದು ಕರೆಯೂ ಹೋಯಿತು. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಅವ್ವನ ಮುಖವನ್ನಾದರೂ ನೋಡಿ ಬರೋಣವೆಂದು ನಾನೊಬ್ಬಳೇ ಗಂಗಾವತಿಯ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅಕ್ಕ ಆಗಲೇ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ. ತೊಡೆಯ ಮೇಲೆ ತಾನೇ ಕಟ್ಟಿದ ಉಂಡಿಯ ಡಬ್ಬಿ. ಅಣ್ಣ ಬಾಗಿಲಲ್ಲಿ ನಿಂತಿದ್ದ.

“ಕರೀಲಾರ್ದ ಬಂದೀಯಲ್ಲಕ್ಕಾ?”

“ಬೀಗರಾದ್ರ ಕರೀಬೇಕು. ಪಾಲಿನಾವ್ರಿಗೆ ಯಾರ್ ಕರೀತಾರ, ತಮ್ಮಾ? ತಗೋ, ಉಂಡಿ ತಿನ್ನು.”

ಅಣ್ಣ ಕೈ ಚಾಚಿದ. ಉಂಡಿ ಮುಟ್ಟುವ ಮೊದಲು, ಅದನ್ನೂ ಬರೆದಿಡಲು ಪೆನ್ನೇನಾದರೂ ತಂದಿದ್ದೇನೆಯೋ ಎಂದು ಒಮ್ಮೆ ನನ್ನ ಕೈ ನೋಡಿದ.