ಮಂಟಪ ಬಿಚ್ಚಲು ಕರೆದರು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಬಸವೇಶ್ವರನಗರದ ಸುತ್ತ ಅದೆಷ್ಟೋ ಮನೆಗಳ ದೇವರ ಮಂಟಪ ನನ್ನ ಕೈಯಲ್ಲೇ ಆದದ್ದು. ಒಂದರದ್ದೂ ಬಾಗಿಲು ಜೋತುಬಿದ್ದಿಲ್ಲ. ಹೋದ ವರ್ಷ ಬ್ಯಾಂಕಿನಿಂದ ನಿವೃತ್ತರಾದ ಹಳೇ ಗಿರಾಕಿಯೊಬ್ಬರು ಫೋನು ಮಾಡಿದರು.

"ಆಚಾರ್ರೇ, ನೀವು ಮಾಡಿಕೊಟ್ಟ ಮಂಟಪ ಬಿಚ್ಚಬೇಕಿತ್ತು. ಅದೇ ಮರದಲ್ಲಿ ಪುಸ್ತಕ ಇಡೋಕೆ ಶೆಲ್ಫ್ ಮಾಡಿಕೊಡಿ."

"ಹುಳ ಬಿತ್ತಾ ಸಾರ್?"

"ಹುಳ ಅಲ್ಲ, ವೇದಾಂತ ಬಿದ್ದಿದೆ" ಎಂದು ನಕ್ಕರು. ಆ ನಗು ನನಗೆ ಸರಿಬರಲಿಲ್ಲ.

ವೇದಾಂತದವರನ್ನು ನಾನು ಮೊದಲಿನಿಂದಲೂ ನಂಬುವವನಲ್ಲ. ಪೂಜೆ ಮೊದಲನೇ ಮೆಟ್ಟಿಲು, ಜ್ಞಾನ ಬಂದ ಮೇಲೆ ಅದು ಬೇಕಿಲ್ಲ ಎನ್ನುತ್ತಾರೆ. ಹೇಳುವವರೆಲ್ಲ ಓದಿದವರು, ಆ ಮೊದಲನೇ ಮೆಟ್ಟಿಲ ಮೇಲೆ ನಿಂತಿರುವವರು ನನ್ನಂಥವರು. ಮರದ ಮೆಟ್ಟಿಲು ಕೂರಿಸುವವನಿಗೆ ಗೊತ್ತು, ಕೆಳಗಿನದನ್ನು ಕಿತ್ತರೆ ಮೇಲಿನದು ನಿಲ್ಲುವುದಿಲ್ಲ.

ನಾಯಂಡಹಳ್ಳಿಯ ನನ್ನ ಶೆಡ್ಡಿನಿಂದ ಬೆಳಿಗ್ಗೆಯೇ ಹೊರಟು ಅವರ ಮನೆಗೆ ಹೋದೆ. ದೇವರ ಕೋಣೆಯ ಮಂಟಪದಲ್ಲಿ ಆಗತಾನೆ ಪೂಜೆ ಆಗಿತ್ತು. ಸೇವಂತಿಗೆ ಸೊಟ್ಟಗೆ ಸಿಕ್ಕಿಸಿದ್ದರು, ಕುಂಕುಮ ದಪ್ಪಗೆ ಮೆತ್ತಿತ್ತು, ಬತ್ತಿ ಇನ್ನೂ ಹೊಗೆಯಾಡುತ್ತಿತ್ತು. ಪೂಜೆ ನಡೆಯುತ್ತಿರುವ ಮಂಟಪವನ್ನು ಯಾರಾದರೂ ಬಿಚ್ಚಿಸುತ್ತಾರೆಯೇ? ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ತುಟಿ ಬಿಗಿದು ನಿಂತಿದ್ದರು. ಗಂಡ ಪುಸ್ತಕ ಓದಿ ತಲೆ ಕೆಡಿಸಿಕೊಂಡಿದ್ದಾನೆ, ಹೆಂಡತಿಯ ದೇವರಿಗೆ ಜಾಗ ಇಲ್ಲದಂತೆ ಮಾಡುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡು ಇದೆ. ಆ ಮನೆಯಲ್ಲಿ ದಿನಾ ದೀಪ ಹಚ್ಚುವವರು ತಮ್ಮ ಕೈಯಿಂದ ದೇವರನ್ನು ಇಳಿಸಿ, ತಮ್ಮ ಬಾಯಿಂದ "ಬಿಚ್ಚಿ" ಎನ್ನಬೇಕು. ಅಲ್ಲಿಯವರೆಗೆ ಒಂದು ಸ್ಕ್ರೂ ಕೂಡ ಮುಟ್ಟುವುದಿಲ್ಲ.

"ಅಮ್ಮಾ, ಸಾರ್ ಹೇಳಿದ್ರೆ ಆಗಲ್ಲ. ದೀಪ ಹಚ್ಚೋರು ನೀವು, ನೀವೇ ಹೇಳ್ಬೇಕು" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ನಾನು ಹಚ್ಚಿ ವರ್ಷ ಆಯ್ತು ಆಚಾರ್ರೇ. ಈಗ ಹಚ್ಚೋರು ಇವರು. ಕುಂಕುಮ ನೋಡಿದ್ರೆ ಗೊತ್ತಾಗಲ್ವಾ, ಗೋಡೆಗೆ ಪೇಂಟ್ ಹೊಡೆದ ಹಾಗೆ ಹೊಡೆದಿದಾರೆ. ಶೆಲ್ಫ್ ಬೇಕಾಗಿರೋದು ನನಗೆ."

ನನ್ನ ಕಿವಿ ಬಿಸಿಯಾಯಿತು. ಸಾರ್ ನೆಲ ನೋಡುತ್ತಿದ್ದರು.

"ನನ್ನ ಆಪರೇಷನ್ ಟೈಮಲ್ಲಿ ಇವಳೇ ಈ ಮಂಟಪದ ಮುಂದೆ ಕೂತು ಬೇಡ್ಕೊಂಡಿದ್ದು. ಈಗ ಬಿಟ್ಬಿಟ್ಳು. ಮನೇಲಿ ಯಾರಾದ್ರೂ ಒಬ್ರು ಮಾಡ್ಬೇಕಲ್ಲಪ್ಪಾ" ಎಂದರು.

"ಮಾಡಿ, ಬೇಡ ಅಂದೋರು ಯಾರು? ಮೂವತ್ತು ವರ್ಷ ಮಂತ್ರ ಬಾಯಿಪಾಠ ಹೇಳಿದೆ. ಏನು ಹೇಳ್ತಾ ಇದೀನಿ ಅಂತ ನನಗೇ ಗೊತ್ತಿರ್ಲಿಲ್ಲ. ನಿಮ್ಮನ್ನ ಕೇಳಿದ್ರೆ, ಭಕ್ತಿ ಇದ್ರೆ ಸಾಕು ಕಣೇ ಅಂತಿದ್ರಿ, ಪೇಪರ್ ಓದ್ಕೊಂಡು! ಈಗ ವೇದಾಂತ ಓದ್ತೀನಿ ಅಂದ್ರೆ ಪುಸ್ತಕ ಮಂಚದ ಕೆಳಗೆ ಇಟ್ಕೋಬೇಕು. ಇರೋ ಚಿಕ್ಕ ಮನೇಲಿ ಬಾಗಿಲು ಹಾಕ್ಕೊಂಡು ಕೂರೋಕೆ ಇದೊಂದೇ ರೂಮು."

ಅಮ್ಮ ಒಳಗೆ ಹೋಗಿ ಒಂದು ಪುಸ್ತಕ ತಂದು ನನ್ನ ಮುಂದೆ ತೆರೆದರು. ಸಾಲುಸಾಲಿಗೂ ಪೆನ್ಸಿಲ್ ಗೆರೆ. ಅಂಚಿನಲ್ಲಿ ಮಕ್ಕಳ ಅಕ್ಷರದಂಥ ದುಂಡು ಅಕ್ಷರ. ನಾನು ಓದಲಿಲ್ಲ, ನೋಡಿದೆ ಅಷ್ಟೇ. ಒಂದು ಕಡೆ ಅಳಿಸಿ ಬರೆದು, ಮತ್ತೆ ಅಳಿಸಿ, ಕಾಗದ ತೆಳ್ಳಗಾಗಿತ್ತು.

ಸಾರ್ ನನ್ನ ಮುಖವನ್ನೇ ನೋಡುತ್ತಿದ್ದರು. ಪಕ್ಕದ ರಸ್ತೆಯಲ್ಲೇ ಫರ್ನಿಚರ್ ಅಂಗಡಿಗಳಿವೆ, ಅಷ್ಟು ದೂರದಿಂದ ನನ್ನನ್ನೇ ಕರೆಸಿದ್ದು ಯಾಕೆ? ಈ ಆಚಾರಿ ಒಪ್ಪುವುದಿಲ್ಲ, ದೋಷ ಗೀಷ ಎಂದು ಹೇಳಿ ಹೋಗುತ್ತಾನೆ, ಹೆಂಡತಿಗೆ ಬೇಡ ಎಂದ ಕೆಟ್ಟ ಹೆಸರು ತನಗೆ ಬರುವುದಿಲ್ಲ ಎಂದಿತ್ತೇ ಅವರ ಮನಸ್ಸಿನಲ್ಲಿ? ಆ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ದೋಷ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಆ ಪುಸ್ತಕ ಮತ್ತೆ ಮಂಚದ ಕೆಳಗೆ ಹೋಗುತ್ತಿತ್ತು. ನನ್ನ ಕೈಯ ಕೆಲಸವೂ ಉಳಿಯುತ್ತಿತ್ತು.

"ದೋಷ ಏನೂ ಇಲ್ಲ ಸಾರ್. ದೀಪ ಹಚ್ಚೋರು ನೀವೇ ಅಂದ್ರೆ ಹೇಳ್ಬೇಕಾದೋರೂ ನೀವೇ. ಇಲ್ಲಾಂದ್ರೆ ಹೋಗ್ತೀನಿ, ಬೇರೆ ಕೆಲಸ ಇದೆ."

ಸಾರ್ ಒಂದೊಂದೇ ದೇವರನ್ನು ಇಳಿಸಿ, ಹಾಲ್‌ನ ಕಿಟಕಿ ಪಕ್ಕ ಮಣೆಯ ಮೇಲೆ ಇಟ್ಟರು. ಯಾವುದು ಎಡಕ್ಕೆ, ಯಾವುದು ಬಲಕ್ಕೆ ತಿಳಿಯದೆ ಎರಡು ಸಲ ಬದಲಾಯಿಸಿದರು. ಅಮ್ಮ ಬಾಯಿಬಿಟ್ಟು ಹೇಳಿಕೊಡಲಿಲ್ಲ.

"ಬಿಚ್ಚಿ" ಎಂದರು ಸಾರ್, ನನ್ನ ಕಡೆ ನೋಡದೆ.

"ಕೂತ್ಕೊಳ್ಳಿ ಅಮ್ಮಾ. ಕೈಗೆ ಎಟುಕೋ ಎತ್ತರ ಗುರುತು ಹಾಕ್ಬೇಕು" ಎಂದೆ. ಅವರು ಗೋಡೆಗೆ ಒರಗಿ ಕೂತು ಕೈ ಚಾಚಿದರು. ಟೇಪಿನ ಇನ್ನೊಂದು ತುದಿಯನ್ನು ಸಾರೇ ಬಂದು ಹಿಡಿದುಕೊಂಡರು. ಮುಖ ಮಾತ್ರ ಬಿಗಿದೇ ಇತ್ತು.