ಮೆಹಬೂಬಣ್ಣನ ಕೊಂಡಿ

ಸತ್ತವರು ಸುಳಿವು ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ, ಉಂಡು ಮಲಗು ಹೋಗು ಎನ್ನುವ ಪೈಕಿ ನಾನು. ಕಂಪ್ಯೂಟರಿನಲ್ಲಿ ಏನಾದರೂ ಆದರೆ ಅದರ ಹಿಂದೆ ಯಾರದೋ ಕೈ ಇರಲೇಬೇಕು ಎಂದು ನಂಬಿದವನು. ಮುಂದೆ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಇಳಕಲ್‌ನಲ್ಲಿ ಸೀರೆಯ ದಡಿ, ಸೆರಗಿನ ವಿನ್ಯಾಸ ಬಿಡಿಸುವ ಸಾಫ್ಟ್‌ವೇರ್ ಮಾಡುವ ಸಣ್ಣ ಆಫೀಸು ನಮ್ಮದು. ಪ್ರೋಗ್ರಾಮಿನಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬ ದಾಖಲೆಯೆಲ್ಲ ಹಳೆಯದೊಂದು ವ್ಯವಸ್ಥೆಯಲ್ಲಿತ್ತು. ಅದನ್ನು ಗಿಟ್ ಎಂಬ ಹೊಸ ವ್ಯವಸ್ಥೆಗೆ ಸಾಗಿಸಿ, ಖಾಲಿ ನಮೂದುಗಳ ಕಸ ತೆಗೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ವಾರಗಟ್ಟಲೆ ಅದೇ. ಕಣ್ಣು ಉರಿ, ಬೆನ್ನು ನೋವು, ಮುಗಿಯದ ಸಾಲುಗಳು.

ಅರ್ಧಕ್ಕಿಂತ ಹೆಚ್ಚು ಕೆಲಸ ಮೆಹಬೂಬಣ್ಣನದು. ನೇಕಾರರ ಮನೆಯವನು, ನನಗೆ ಕೆಲಸ ಕಲಿಸಿದವನು, ಹಿಂದಿನ ವರ್ಷ ತೀರಿಕೊಂಡಿದ್ದ. ಹಳೆಯ ದಾಖಲೆಯಲ್ಲಿ ಅವನಿಗೆ ಹೆಸರೇ ಇಲ್ಲ, ಬರೀ 'ಎಂಬಿ' ಎಂಬ ಲಾಗಿನ್. ಹೊಸದರಲ್ಲಿ ಪೂರ್ತಿ ಹೆಸರು ಕೊಡಬೇಕು. "ಇಲ್ಲದವರ ಹೆಸರು ಯಾಕ್ರಿ, ಎಲ್ಲಾ ಆಫೀಸಿನ ಹೆಸರಿಗಿ ಹಾಕಿಬಿಡ್ರಿ" ಎಂದರು ಮಾಲೀಕರು. ಅವನ ಹೆಂಡತಿ, ನಾವೆಲ್ಲ ಭಾಬಿ ಎನ್ನುವವರು, ಫೋನಿನಲ್ಲಿ ಕೇಳಿದ್ದರು: "ಅವ್ರ ಹೆಸರು ಅದರಾಗರೆ ಉಳೀತೈತಿ ಹೌದಿಲ್ರಿ?" ಎರಡೂ ಕಡೆ ಹೂಂ ಅಂದಿದ್ದೆ. ಆಮೇಲೆ ಸಂಕಟ.

ನಮ್ಮ ಸೀರೆಯ ಒಡಲಿಗೂ ಸೆರಗಿಗೂ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಹಾಗೇ ಮೆಹಬೂಬಣ್ಣ ಪ್ರೋಗ್ರಾಮಿನಲ್ಲಿ ಇಬ್ಬರು ಬೇರೆ ಬೇರೆ ಬರೆದದ್ದನ್ನು ಜೋಡಿಸಿದಾಗಲೆಲ್ಲ "ಕೊಂಡಿ ಹಾಕೇನಿ" ಎಂದು ಟಿಪ್ಪಣಿ ಬರೆಯುತ್ತಿದ್ದ. ಅಂಥ ಕಡೆ ಫೈಲು ಒಂದೂ ಬದಲಾದಂತೆ ಕಾಣುವುದಿಲ್ಲ. ದಣಿದಿದ್ದ ನಾನು ಖಾಲಿ ಎಂದುಕೊಂಡು ಒಂದು ಮಧ್ಯಾಹ್ನ ಆ ಜೋಡಣೆಗಳನ್ನೆಲ್ಲ ಹೊಸದರಿಂದ ಅಳಿಸಿದೆ.

ಚಹಾ ಕುಡಿದು ಬಂದು ಹೊಸ ದಾಖಲೆ ತೆರೆದರೆ, ಎಲ್ಲಕ್ಕಿಂತ ಮೇಲೆ ಒಂದು ಸಾಲು: "ಕೊಂಡಿ ಬಿಚ್ಚೇತಿ ನೋಡಲೇ." ಬರೆದವರ ಹೆಸರು, ಮೆಹಬೂಬ ರಾಜೇಸಾಬ. ನಾನಿನ್ನೂ ಯಾರ ಹೆಸರನ್ನೂ ತುಂಬಿರಲಿಲ್ಲ, ರಾಜೇಸಾಬ ಎಂಬುದನ್ನು ಕೇಳಿಯೂ ಇರಲಿಲ್ಲ. ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೆದರಿದೆ, ಸುಳ್ಳೇಕೆ ಹೇಳಲಿ.

ಹಳೆಯದರಿಂದ ಮತ್ತೆ ಸಾಗಿಸಿದೆ, ಜೋಡಣೆಗಳನ್ನು ಮುಟ್ಟಲಿಲ್ಲ. ಈ ಸಲ ಆ ಸಾಲು ಬರಲಿಲ್ಲ. ಹಳೆಯದರಲ್ಲಿ ಹುಡುಕಿದೆ, ಅಲ್ಲೂ ಇಲ್ಲ. ಮಾಲೀಕರನ್ನು ಕೇಳದೆ, ಅವನ ಕೆಲಸವನ್ನೆಲ್ಲ ನಾನು ಕಂಡ ಹೆಸರಿಗೇ ಬರೆದೆ.

ಭಾಬಿಗೆ ಫೋನ್ ಮಾಡಿ ಹೆಸರು ಓದಿ ಹೇಳಿದೆ. ಇನ್ನೊಮ್ಮೆ ಓದಿಸಿದರು.

"ರಾಜೇಸಾಬ ಅನ್ನೂದು ಅವ್ರ ಹಡದ ಅಪ್ಪಾರ ಹೆಸರ್ರಿ. ಸಾಲ್ಯಾಗೂ ಸಾಕಿದ ಕಾಕಾರ ಹೆಸರ ಹಚ್ಚಿದ್ರು. ನಿಮಗ ಯಾರ್ ಹೇಳಿದ್ರು?"

"ಅಣ್ಣಾರ ಹೇಳ್ಯಾರ್ರಿ" ಎಂದೆ. ನಿಜ ಹೇಳಿದೆನೋ ಸುಳ್ಳು ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.